ಬ್ಯಾಕ್ಟೀರಿಯಾ ಶಿಲೀಂಧ್ರದ ಗೋಡೆಯನ್ನು ಕರಗಿಸುವುದು ಹೇಗೆ?

ಮಣ್ಣಿನ ಕೆಲವು ಬ್ಯಾಕ್ಟೀರಿಯಾ ಶಿಲೀಂಧ್ರದ ಕೋಶಭಿತ್ತಿಯನ್ನೇ ಒಡೆದು ತಿನ್ನುತ್ತವಂತೆ, ಹೌದಾ ಅಂತ ಕೇಳಿದ್ದೀರಿ. ಹೌದು, ಕಿಣ್ವಗಳ ಸಹಾಯದಿಂದ.

ಆ ಗೋಡೆಗೆ ಗಟ್ಟಿತನ ಕೊಡುವುದು ಮುಖ್ಯವಾಗಿ ಕೈಟಿನ್ ಮತ್ತು ಬೀಟಾ-ಗ್ಲುಕಾನ್ (ಗ್ಲುಕೋಸ್ ಸಕ್ಕರೆಯ ಸರ). ಏಡಿಯ ಚಿಪ್ಪಲ್ಲಿ, ಜಿರಳೆಯ ಮೈಮೇಲೆ ಇರುತ್ತಲ್ಲ, ಅದೇ ಕೈಟಿನ್. ಸಕ್ಕರೆಯಂಥ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ ಅಂದುಕೊಳ್ಳಿ.

ಸೆರೇಷಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಈ ಕೆಲಸದಲ್ಲಿ ಪಳಗಿದ್ದು. ಅದರ ಬಳಿ ಮೂರು ಮುಖ್ಯ ಕೈಟಿನೇಸ್‌ಗಳಿವೆ, ಅಂದರೆ ಕೈಟಿನ್ ಕತ್ತರಿಸುವ ಕಿಣ್ವಗಳು. ಅವುಗಳಲ್ಲಿ ಒಂದು, ಸರವನ್ನು ನಡುವೆ ಎಲ್ಲೆಂದರಲ್ಲಿ ಕತ್ತರಿಸುತ್ತದೆ. ಉಳಿದೆರಡು ಆ ತುದಿಯಿಂದ ಒಂದು, ಈ ತುದಿಯಿಂದ ಒಂದು, ಎರಡೆರಡೇ ಮಣಿ ಬಿಡಿಸುತ್ತಾ ಬರುತ್ತವೆ. ಆದರೆ ಸರಗಳು ಒತ್ತೊತ್ತಾಗಿ ಹೆಣೆದುಕೊಂಡಿದ್ದರೆ ಕಿಣ್ವಕ್ಕೆ ಹಿಡಿತವೇ ಸಿಗುವುದಿಲ್ಲ. ಅಲ್ಲಿ ಇನ್ನೊಂದು ಪುಟ್ಟ ಪ್ರೋಟೀನ್ ಮೊದಲು ಮೇಲ್ಮೈಯನ್ನು ಅಲ್ಲಲ್ಲಿ ಸೀಳಿ ದಾರಿ ಮಾಡುತ್ತದೆ. ಅದೂ ಒಂದು ಕಿಣ್ವವೇ ಅಂತ ಗೊತ್ತಾಗಿದ್ದು 2010ರಲ್ಲಿ.

ಇದನ್ನು ಪ್ರಯೋಗಾಲಯದಲ್ಲಿ ಕಣ್ಣಾರೆ ನೋಡಬಹುದು. ಕೈಟಿನ್ ಬೆರೆಸಿದ ಮಬ್ಬು ಅಗರ್ (ಜೆಲ್ಲಿಯಂಥ ಪದಾರ್ಥ) ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರೆ, ಕೆಲವು ದಿನಗಳಲ್ಲಿ ಅದರ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ಅಷ್ಟು ಜಾಗದ ಕೈಟಿನ್ ಕರಗಿತು ಅಂತ ಅರ್ಥ.

ಅಡಿಕೆ ತೋಟ ಇರುವವರಿಗೆ ಒಂದು ಮಾತು. ಕೊಳೆರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ನಿಜವಾದ ಶಿಲೀಂಧ್ರವೇ ಅಲ್ಲ. ಅದರ ಗೋಡೆಯಲ್ಲಿ ಜಾಸ್ತಿ ಇರುವುದು ಗ್ಲುಕಾನ್ ಮತ್ತು ಸೆಲ್ಯುಲೋಸ್. ಹಾಗಾಗಿ ಸುಮ್ನೆ ಕೈಟಿನೇಸ್ ಒಂದನ್ನೇ ನಂಬಿದರೆ ಕೆಲಸ ಆಗಲ್ಲ, ಗ್ಲುಕಾನ್ ಒಡೆಯುವ ಕಿಣ್ವವಾದ ಗ್ಲುಕನೇಸ್ ಮಾಡುವ ಬ್ಯಾಕ್ಟೀರಿಯಾ ಬೇಕು.