ಇಂಚಿನ ಡ್ರಾಯಿಂಗನ್ನು 25.4ರಿಂದ ಗುಣಿಸಿದರೆ ಸಾಕಾ?

ಪ್ರಶ್ನೆ: ನಮ್ಮದು ಎಂಟು ಜನ ಕೆಲಸ ಮಾಡುವ ಚಿಕ್ಕ ಮೆಷಿನ್ ಶಾಪ್. ಲೇತ್, ಡ್ರಾಯಿಂಗ್ ಎಲ್ಲವೂ ಇಂಚಿನವು. ಹೊಸ ಗಿರಾಕಿಗಳು ಮಿಲಿಮೀಟರಿನಲ್ಲೇ ಬೇಕು ಅನ್ನುತ್ತಾರೆ. ಹಳೆ ಡ್ರಾಯಿಂಗ್‌ಗಳನ್ನು 25.4ರಿಂದ ಗುಣಿಸಿಕೊಂಡರೆ ಸಾಕಾ? ಲೇತ್ ಬದಲಿಸಬೇಕಾ?

ಉತ್ತರ: ಅರ್ಧ ಇಂಚಿನ ಶಾಫ್ಟನ್ನು ಗುಣಿಸಿದರೆ 12.7 ಮಿ.ಮೀ. ಬರುತ್ತದೆ. ಲೆಕ್ಕ ಸರಿಯೇ. ಆದರೆ 12.7ಕ್ಕೆ ಬೇರಿಂಗು, ರೀಮರು (ತೂತನ್ನು ಸರಿಯಾದ ಅಳತೆಗೆ ತರುವ ಟೂಲು) ಹುಡುಕಿದರೆ ಮತ್ತೆ ಇಂಚಿನದ್ದೇ ಕೈಗೆ ಬರುತ್ತದೆ. ಬರೀ ಹೆಸರು ಬದಲಾದ ಹಾಗಾಯಿತು, ಅಲ್ವಾ? ಹೊಸ ಕೆಲಸವನ್ನು 12 ಅಥವಾ 15 ಮಿ.ಮೀ. ಎಂದೇ ಶುರು ಮಾಡಿ. ಹಳೆ ಡ್ರಾಯಿಂಗ್‌ಗಳನ್ನು ಮುಟ್ಟಬೇಡಿ. ಆ ಬಿಡಿಭಾಗಗಳನ್ನು ಕೇಳಿಕೊಂಡು ಬರುವವರು ಇರುವ ತನಕ ಅವು ಇಂಚಿನಲ್ಲೇ ಇರಲಿ.

ಗುಣಿಸಲೇಬೇಕಾದ ಕಡೆ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ, ನೋಡಿಕೊಳ್ಳಿ. ±0.005 ಇಂಚು ಅಂದರೆ ±0.127 ಮಿ.ಮೀ. ಅದನ್ನು ಸುಮ್ನೆ 0.1 ಅಂತ ಬರೆದರೆ ರಿಜೆಕ್ಟ್ ಜಾಸ್ತಿಯಾಗುತ್ತದೆ. 0.2 ಅಂತ ಬರೆದರೆ ಜೋಡಣೆ ಸಡಿಲವಾಗುತ್ತದೆ.

ಲೇತ್ ಬದಲಿಸಬೇಕಿಲ್ಲ. 127 ಹಲ್ಲಿನ ಚೇಂಜ್ ಗೇರ್ (ಬದಲಿಸಿ ಹಾಕುವ ಗೇರ್) ಹಾಕಿದರೆ ಇಂಚಿನ ಲೀಡ್ ಸ್ಕ್ರೂನಲ್ಲೇ (ಥ್ರೆಡ್ ಕೊರೆಯುವಾಗ ಟೂಲನ್ನು ಸಾಗಿಸುವ ಉದ್ದ ಸ್ಕ್ರೂ) ಮೆಟ್ರಿಕ್ ಥ್ರೆಡ್ ಕರಾರುವಾಕ್ಕಾಗಿ ಬರುತ್ತದೆ. 5 ಇಂಚಿಗೆ ಸರಿಯಾಗಿ 127 ಮಿ.ಮೀ. ಇರುವುದರಿಂದ ಈ ಸಂಖ್ಯೆ. ಗೇರ್ ದೊಡ್ಡದು, ಕೂರಲು ಜಾಗ ಇದೆಯಾ ಅಂತ ಮೊದಲೇ ಅಳೆದುಕೊಳ್ಳಿ. ಇನ್ನೊಂದು ಮಾತು, ಇದನ್ನು ಮರೆತು ಕೆಲಸ ಕೆಡಿಸಿಕೊಂಡವರು ಬಹಳ: ಥ್ರೆಡ್ ಮುಗಿಯುವವರೆಗೂ ಹಾಫ್ ನಟ್ (ಲೀಡ್ ಸ್ಕ್ರೂವನ್ನು ಹಿಡಿದುಕೊಳ್ಳುವ ನಟ್ಟು) ಬಿಡಬೇಡಿ. ಪ್ರತಿ ಸಲ ಟೂಲನ್ನು ಹಿಂದಕ್ಕೆಳೆದು, ಮೆಷಿನ್ ರಿವರ್ಸ್ ಮಾಡಿಯೇ ಶುರುವಿನ ಜಾಗಕ್ಕೆ ಬನ್ನಿ. ಹಾಫ್ ನಟ್ ಯಾವಾಗ ಹಾಕಬೇಕೆಂದು ತೋರಿಸುವ ಇಂಚಿನ ಥ್ರೆಡ್ ಡಯಲನ್ನು ಇಲ್ಲಿ ನಂಬುವಂತಿಲ್ಲ.

ನನ್ನನ್ನು ಕೇಳಿದರೆ, ಲೇತ್‌ಗಿಂತ ಬೋಲ್ಟಿನ ಡಬ್ಬಿಗಳದ್ದೇ ದೊಡ್ಡ ಚಿಂತೆ. 5/16 ಇಂಚಿನ ಬೋಲ್ಟು 7.94 ಮಿ.ಮೀ. ಎಂ8 ಬೋಲ್ಟು 8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಒಂದರ ನಟ್ಟು ಇನ್ನೊಂದಕ್ಕೆ ಒಂದೆರಡು ಸುತ್ತು ಹಿಡಿದ ಹಾಗೆ ಕಂಡು, ಆಮೇಲೆ ಸಿಕ್ಕಿಕೊಳ್ಳುತ್ತದೆ. ಅವಸರದಲ್ಲಿರುವವರು ಸ್ಪ್ಯಾನರ್ ಹಾಕಿ ತಿರುಗಿಸಿಬಿಡುತ್ತಾರೆ, ಅಲ್ಲಿಗೆ ಥ್ರೆಡ್ ಹೋಯಿತು. ಡಬ್ಬಿಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ, ಬೇರೆ ಗೋಡೆಗೆ ಇಡಿ. ಬೆರೆತುಹೋದರೆ ತಲೆ ನೋಡಿ: 8.8 ಎಂಬಂಥ ಅಂಕಿ ಇದ್ದರೆ ಮೆಟ್ರಿಕ್, ಗೆರೆಗಳಿದ್ದರೆ ಇಂಚು.

ಹಳೆ ಕೆಲಸಗಾರರು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲೇ ಯೋಚಿಸುತ್ತಾರೆ. ಅವರಿಗೆ ಉದ್ದದ ಕೋಷ್ಟಕ ಕೊಡಬೇಡಿ. ನಾಲ್ಕು ಥೌ ಅಂದರೆ ಸುಮಾರು 0.1 ಮಿ.ಮೀ., ಇಷ್ಟು ಬಾಯಿಗೆ ಬಂದರೆ ಉಳಿದದ್ದು ಕೈಗೆ ಬರುತ್ತದೆ. ಹೊಸ ಕೆಲಸ ನಡೆಯುವ ಮೇಜಿನ ಮೇಲೆ ಇಂಚಿನ ಮೈಕ್ರೋಮೀಟರ್ ಇಡಲೇಬೇಡಿ.

ಪೈಪಿನ ಥ್ರೆಡ್ ಬದಲಿಸಲು ಹೋಗಬೇಡಿ. ಮೆಟ್ರಿಕ್ ದೇಶಗಳಲ್ಲೂ ಅದು ಇಂಚಿನ ಹೆಸರಿನಲ್ಲೇ ಓಡುತ್ತಿದೆ.