ಕುಟುಂಬ ಕಾನೂನಿನ ಪಿಎಚ್‌ಡಿಗೆ ಮೊದಲು ಸಮಾಜಶಾಸ್ತ್ರದಲ್ಲಿ ಎಂಎ ಮಾಡಲೇಬೇಕಾ?

ಬೇಡ. ನೀವು ಬರೆದ ಪ್ರಕಾರ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಮುಗಿಸಿದ್ದೀರಿ, ಲಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೀರಿ, ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಹಳ್ಳಿಗೆ ಹೋಗಿ ಅಧ್ಯಯನ ಮಾಡುವ ಆಸೆ ಇದೆ, ಆದರೆ ಸಮಾಜಶಾಸ್ತ್ರ ಓದಿಲ್ಲ ಅನ್ನೋ ಅಳುಕು. ಅಲ್ವಾ? ನಾನೂ ಅದೇ ಜಾಗದಲ್ಲಿ ನಿಂತಿದ್ದವಳು.

ನಾನು ಪಿಎಚ್‌ಡಿಗೆ ಸೇರಿದಾಗ 2005ರ ತಿದ್ದುಪಡಿಯ ಬಿಸಿ ಇನ್ನೂ ಆರಿರಲಿಲ್ಲ. ಆ ವರ್ಷ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳಿಗೂ ಮಗನ ಹಾಗೆಯೇ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಅಂತಾಯಿತು. ಕರ್ನಾಟಕಕ್ಕೆ ಇದು ಪೂರ್ತಿ ಹೊಸದಲ್ಲ. ನಮ್ಮ ರಾಜ್ಯದ್ದೇ ತಿದ್ದುಪಡಿ 1994ರ ಜುಲೈ 30ರಿಂದ ಇತ್ತು, ಆದರೆ ಅದಕ್ಕಿಂತ ಮುಂಚೆ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ಆ ವರ್ಷ ಮೇ ತಿಂಗಳಲ್ಲಿ ಧಾರೆಯಾದ ಅಕ್ಕನಿಗೆ ಆಗ ಹುಟ್ಟಿನ ಪಾಲಿರಲಿಲ್ಲ, ದೀಪಾವಳಿ ಕಳೆದು ಧಾರೆಯಾದ ತಂಗಿಗೆ ಇತ್ತು. ಒಂದೇ ಅಪ್ಪ, ಒಂದೇ ಜಮೀನು. ಇಂಥ ಮನೆಗಳಲ್ಲಿ ಏನಾಯಿತು ಅಂತ ತಿಳಿಯೋದೇ ನನ್ನ ವಿಷಯ. ಜಾಗ ಮಂಡ್ಯ ಜಿಲ್ಲೆ, ಮದ್ದೂರು ಕಡೆಯ ನೀರಾವರಿ ಹಳ್ಳಿಗಳು. ಅಲ್ಲಿ ಹತ್ತು ಗುಂಟೆಗೂ ಬೆಲೆ ಇದೆ, ಹಾಗಾಗಿ ಜಗಳವೂ ಇದೆ.

ನಿಮ್ಮ ಹಾಗೇ ನನಗೂ ವಿಧಾನ ಸರಿ ಇರಬೇಕು ಅನ್ನೋ ಹಟ. ಸಂಶೋಧನಾ ವಿಧಾನದ ಪುಸ್ತಕ ಓದಿದೆ, ಅಂಕಿಅಂಶದ ಸಾಫ್ಟ್‌ವೇರ್ ಕಲಿತೆ, ಪ್ರಶ್ನಾವಳಿ ಮಾಡಿದೆ. ಮನೆಗಳನ್ನು ಆರಿಸೋಕೆ ಒಂದು ಪಟ್ಟಿ ಬೇಕಲ್ಲ, ರೇಷನ್ ಕಾರ್ಡ್ ಪಟ್ಟಿ ಹಿಡಿದೆ. ಊರಿನ ಬಹುಪಾಲು ಮನೆ ಅದರಲ್ಲಿದೆ, ಯಾರು ಯಾರು ಇದ್ದಾರೆ ಅಂತ ಹೆಸರು, ವಯಸ್ಸು ಸಮೇತ ಇದೆ. ಇಂತಿಷ್ಟಕ್ಕೊಂದು ಮನೆ ಅಂತ ಲೆಕ್ಕ ಹಾಕಿ ಆರಿಸಿದೆ. ಪುಸ್ತಕದ ಪ್ರಕಾರ ಎಲ್ಲಾ ಸರಿ.

ನಾನು ಎಡವಿದ್ದು ಇಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಕಾನೂನು ಓದಿದವರು ಈಗಲೂ ಇಲ್ಲೇ ಬೀಳೋದನ್ನು ನೋಡುತ್ತಿದ್ದೇನೆ. ರೇಷನ್ ಕಾರ್ಡಿನಲ್ಲಿ ಇರೋದು ಒಂದು ಸೂರಿನ ಕೆಳಗೆ ಒಂದು ಒಲೆಯಲ್ಲಿ ಉಣ್ಣುವವರು. ಜನಗಣತಿಯವರ ಲೆಕ್ಕವೂ ಅದೇ. ಕಾನೂನು ಹೇಳುವ ಅವಿಭಕ್ತ ಕುಟುಂಬ ಹಾಗಲ್ಲ. ಅದರಲ್ಲಿ ಬೆಂಗಳೂರಲ್ಲಿ ಡ್ರೈವರ್ ಆಗಿರೋ ಅಣ್ಣ ಇದ್ದಾನೆ, ಬೇರೆ ಒಲೆ ಹೂಡಿದರೂ ಜಮೀನು ಭಾಗ ಮಾಡಿಕೊಳ್ಳದ ತಮ್ಮ ಇದ್ದಾನೆ, 2005ರ ತಿದ್ದುಪಡಿಯಾದ ಮೇಲೆ, ಯಾವಾಗ ಮದುವೆಯಾಗಿ ಹೋಗಿದ್ದರೂ ಸರಿ, ಹೆಣ್ಣುಮಕ್ಕಳೂ ಇದ್ದಾರೆ. ಆದರೆ ಹೆಣ್ಣುಮಗಳು ಮದುವೆಯಾದ ಮೇಲೆ ತವರಿನ ಕಾರ್ಡಿನಿಂದ ಅವಳ ಹೆಸರು ತೆಗೆಸುತ್ತಾರೆ, ಗಂಡನ ಮನೆ ಕಾರ್ಡಿಗೆ ಸೇರಿಸುತ್ತಾರೆ. ಹಾಗಾಗಿ ನನ್ನ ಪಟ್ಟಿಯಲ್ಲಿ ತಾಯಂದಿರಿದ್ದರು, ಸೊಸೆಯರಿದ್ದರು, ಮದುವೆಯಾಗದ ಹುಡುಗಿಯರಿದ್ದರು. ಯಾರ ಹಕ್ಕಿನ ಬಗ್ಗೆ ಇಡೀ ಅಧ್ಯಯನವೋ ಅವರೇ ಇರಲಿಲ್ಲ. ಅಕ್ಕತಂಗಿಯರು ಪಾಲು ಬಿಟ್ಟುಕೊಟ್ಟರಾ ಅಂತ ನಾನು ಕೇಳಿದ್ದು ಅಣ್ಣತಮ್ಮಂದಿರನ್ನು. ಅವರು ಏನು ಹೇಳುತ್ತಾರೆ ಹೇಳಿ? 'ಮದುವೆಗೆ ಖರ್ಚು ಮಾಡಿದ್ದೀವಿ ಮೇಡಂ, ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸಿಲ್ಲ, ಅವರೇ ಖುಷಿಯಿಂದ ಸೈನ್ ಹಾಕಿದ್ರು.' ನಾನು 'ಸ್ವಇಚ್ಛೆಯಿಂದ' ಅನ್ನೋ ಕಾಲಂನಲ್ಲಿ ಟಿಕ್ ಹಾಕುತ್ತಾ ಹೋದೆ.

ಇನ್ನೂ ಒಂದಿದೆ. ಅದೇ ಮನೆಯ ಸೊಸೆ ಒಳಗಿಂದ ಕಾಫಿ ತಂದಿಟ್ಟು ಬಾಗಿಲ ಹತ್ತಿರ ನಿಲ್ಲುತ್ತಿದ್ದಳು. ಗಂಡನ ಅಕ್ಕತಂಗಿಯರು ಪಾಲು ಕೇಳೋದು ಸರಿಯಾ ಅಂದರೆ ತಪ್ಪು ಅನ್ನುತ್ತಿದ್ದಳು. ಅವಳೂ ಇನ್ನೊಂದು ಮನೆಯ ಮಗಳು, ಅವಳ ತವರಲ್ಲೂ ಜಮೀನಿದೆ, ಅಲ್ಲಿ ಅವಳ ಪಾಲೇನಾಯಿತು ಅಂತ ಕೇಳುವ ಪ್ರಶ್ನೆ ನನ್ನ ಹಾಳೆಯಲ್ಲೇ ಇರಲಿಲ್ಲ. ಉತ್ತರ ಕೈಗೆಟಕುವಷ್ಟು ಹತ್ತಿರ ಲೋಟ ಹಿಡಿದು ನಿಂತಿತ್ತು, ನಾನು ಮುಂದಿನ ಮನೆಗೆ ಹೊರಟೆ.

ಕೋಷ್ಟಕಗಳನ್ನೆಲ್ಲಾ ಮಾಡಿಕೊಂಡು ಪ್ರಗತಿ ವರದಿ ಕೊಟ್ಟಾಗ ಸಮಿತಿಯಲ್ಲಿದ್ದ ಸಮಾಜಶಾಸ್ತ್ರದ ಮೇಷ್ಟ್ರೊಬ್ಬರು ಕೇಳಿದ್ದು ಒಂದೇ ಮಾತು. 'ಈ ಮನೆಗಳ ಹೆಣ್ಣುಮಕ್ಕಳು ಎಲ್ಲಿದ್ದಾರಮ್ಮಾ?' ನನ್ನ ಹತ್ತಿರ ಉತ್ತರ ಇರಲಿಲ್ಲ. ವಾಸದ ಮನೆಯನ್ನೂ ಕುಟುಂಬವನ್ನೂ ಒಂದೇ ಅಂತ ತಿಳಿಯಬಾರದು ಅಂತ ಸಮಾಜಶಾಸ್ತ್ರಜ್ಞ ಎ.ಎಂ. ಶಾ 1970ರ ದಶಕದಲ್ಲೇ ಬಿಡಿಸಿ ಬರೆದಿದ್ದಾರೆ. ಸಮಾಜಶಾಸ್ತ್ರದವರಿಗೆ ಅದು ಮೊದಲ ಪಾಠ. ಕಾನೂನು ವಿಭಾಗದಲ್ಲಿ ನನಗೆ ಅದನ್ನು ಹೇಳುವವರೇ ಇರಲಿಲ್ಲ. ಆ ಅಧ್ಯಾಯಗಳನ್ನು ಪೂರ್ತಿ ಕೈಬಿಟ್ಟೆ. ಪಿಎಚ್‌ಡಿ ತಡವಾಯಿತು, ಆ ನಡುವೆ ಬಂದ ಒಂದು ಕಾಯಂ ಹುದ್ದೆ ಕೈತಪ್ಪಿತು. ಮನೆ ಸಾಲ ಇದ್ದ ಕಾಲ ಅದು.

ಆಮೇಲೆ ಮಾಡಿದ್ದು ಇಷ್ಟು. ರೇಷನ್ ಕಾರ್ಡ್ ಪಟ್ಟಿ ಬಿಟ್ಟೆ, ವಂಶವೃಕ್ಷ ಹಿಡಿದೆ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ ಅಂತ ಕಂದಾಯ ಇಲಾಖೆಗೆ ಕೊಡುವ ವಂಶವೃಕ್ಷ ಇದೆಯಲ್ಲ, ಅದರಿಂದಲೇ ಶುರು. ಅದರಲ್ಲೂ ಎಷ್ಟೋ ಕಡೆ ಹೆಣ್ಣುಮಕ್ಕಳನ್ನು ಬಿಟ್ಟಿರುತ್ತಾರೆ. ಹಾಗಾಗಿ ಊರಿನ ಹಿರಿಯ ಹೆಂಗಸರ ಜೊತೆ ಕೂತು ನಾನೇ ಬರೆದುಕೊಳ್ಳುತ್ತಿದ್ದೆ. 'ಮಕ್ಕಳೆಷ್ಟು' ಅಂತ ಕೇಳಿದರೆ ಗಂಡುಮಕ್ಕಳ ಲೆಕ್ಕವನ್ನಷ್ಟೇ ಹೇಳುವವರಿದ್ದರು. 'ಹೆಣ್ಣು ಗಂಡು ಸೇರಿ ಹುಟ್ಟಿದ್ದು ಎಷ್ಟು ಜನ, ಯಾರನ್ನ ಯಾವೂರಿಗೆ ಕೊಟ್ಟಿದ್ದೀರಿ' ಅಂತ ಕೇಳಬೇಕು. ಆಗ ಊರುಗಳ ಹೆಸರು ಬರುತ್ತವೆ, ಮಳವಳ್ಳಿ, ಚನ್ನಪಟ್ಟಣ, ಕನಕಪುರ. ಆ ಊರುಗಳಿಗೆ ಹೋದೆ.

ಅಲ್ಲಿ ಕೇಳಿದ ಕಥೆಯೇ ಬೇರೆ. ಹಕ್ಕು ಬಿಡುಗಡೆ ಪತ್ರ ಬರೆಸುವ ದಿನ ಅಣ್ಣ ಬಾಡಿಗೆ ಕಾರು ಮಾಡಿ ಎಲ್ಲಾ ಅಕ್ಕತಂಗಿಯರನ್ನು ಒಬ್ಬೊಬ್ಬರ ಊರಿಂದ ಹತ್ತಿಸಿಕೊಂಡು ಬರುತ್ತಾನೆ. ಸಬ್‌ರಿಜಿಸ್ಟ್ರಾರ್ ಆಫೀಸಿನ ಹೊರಗೆ ಪತ್ರ ಬರಹಗಾರರು ಮೊದಲೇ ಟೈಪ್ ಮಾಡಿಸಿ ಇಟ್ಟಿರುತ್ತಾರೆ, ಅದರಲ್ಲಿ 'ಅರಿಶಿನ ಕುಂಕುಮಕ್ಕಾಗಿ' ಇಷ್ಟು ಹಣ ಸಂದಿದೆ ಅಂತ ಇರುತ್ತದೆ, ಸ್ವಸಂತೋಷದಿಂದ ಅಂತಲೂ ಇರುತ್ತದೆ. ಓದಿ ಹೇಳುವವರಿಲ್ಲ. ಕಂಪ್ಯೂಟರಿನ ಮುಂದೆ ಕೂತು ಫೋಟೋ, ಹೆಬ್ಬೆರಳು. ಆಮೇಲೆ ಹೋಟೆಲಿನಲ್ಲಿ ಊಟ, ಸೀರೆ, ವಾಪಸ್. ಒಬ್ಬರು ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಾ ಹೇಳಿದರು, 'ನಂಗೆ ಗೊತ್ತಿತ್ತು ಮೇಡಂ ಪಾಲೈತೆ ಅಂತ. ಆದ್ರೆ ನಾಳೆ ನನ್ ಗಂಡ ಹೊಡೆದ್ರೆ ನಾನ್ ಹೋಗ್ಬೇಕಾಗಿರೋದು ಅದೇ ಮನೆಗೇ ಅಲ್ವಾ?' ನನ್ನ ಹಳೇ ಹಾಳೆಯಲ್ಲಿ ಇವರೂ ಒಂದು ಟಿಕ್. ಬಲವಂತ ಅಂತ ಬರೆಯಲಾ, ಸ್ವಇಚ್ಛೆ ಅಂತ ಬರೆಯಲಾ? ಎರಡೂ ಅಲ್ಲ. ಅವರು ಲೆಕ್ಕ ಹಾಕಿ ಮಾಡಿದ್ದು. ಜಮೀನು ಕೊಟ್ಟು ತವರಿನ ಬಾಗಿಲು ಉಳಿಸಿಕೊಂಡರು. ತೀರ್ಪುಗಳನ್ನಷ್ಟೇ ಓದಿದ್ದರೆ ಈ ಮಾತು ನನಗೆ ಸಿಗುತ್ತಲೇ ಇರಲಿಲ್ಲ. ಇವರು ಯಾವತ್ತೂ ಕೋರ್ಟ್ ಮೆಟ್ಟಿಲು ಹತ್ತಿದವರಲ್ಲ.

ಅದಕ್ಕೇ ಹೇಳಿದ್ದು, ಎಂಎ ಬೇಡ. ಅದರ ಬದಲು ಸಮಾಜಶಾಸ್ತ್ರ ವಿಭಾಗದ ಒಬ್ಬರನ್ನು ಸಹ ಮಾರ್ಗದರ್ಶಕರಾಗಿ ಕೇಳಿಕೊಳ್ಳಿ, ನಿಯಮ ಒಪ್ಪದಿದ್ದರೆ ಸುಮ್ನೆ ಹೋಗಿ ಪರಿಚಯ ಮಾಡಿಕೊಳ್ಳಿ. ಪ್ರಶ್ನಾವಳಿ ಪ್ರಿಂಟ್ ಹಾಕಿಸುವ ಮುಂಚೆ ಅವರಿಗೆ ತೋರಿಸಿ. ಕಾನೂನಿನ ಮೇಷ್ಟ್ರುಗಳು ಹೊರಗೆ ಹೋಗಿ ನೋಡೋದು ನಮ್ಮಲ್ಲಿ ಹೊಸದೇನಲ್ಲ. ಗುಜರಾತಿನ ರಂಗಪುರದಲ್ಲಿ ಊರ ಜನ ಕೋರ್ಟಿನ ಹೊರಗೆ ವ್ಯಾಜ್ಯ ಬಗೆಹರಿಸಿಕೊಳ್ಳುತ್ತಿದ್ದ ಲೋಕ ಅದಾಲತ್ ಹೇಗೆ ನಡೆಯುತ್ತಿತ್ತು ಅಂತ ಕಾನೂನಿನ ಪ್ರಾಧ್ಯಾಪಕ ಉಪೇಂದ್ರ ಬಕ್ಷಿ 1970ರ ದಶಕದಲ್ಲೇ ಅಧ್ಯಯನ ಮಾಡಿದ್ದರು. ಸಾಫ್ಟ್‌ವೇರ್ ಆಮೇಲೆ ಕಲಿಯಬಹುದು, ಅದು ಅಷ್ಟೇನೂ ಕಷ್ಟವಲ್ಲ.

ಸಂಶೋಧಕರು ತಟಸ್ಥವಾಗಿರಬೇಕಲ್ಲವಾ ಅಂತಲೂ ಬರೆದಿದ್ದೀರಿ. ನಾನು ಒಪ್ಪಲ್ಲ. ಒಬ್ಬ ಹೆಂಗಸು ಹಿತ್ತಲಲ್ಲಿ ದನಿ ತಗ್ಗಿಸಿ 'ನಂಗೆ ಪಾಲು ಬರುತ್ತಾ' ಅಂತ ಕೇಳಿದರೆ, ಕಾನೂನು ಓದಿದ ನೀವು ಹೇಳಲೇಬೇಕು. ಆದರೆ ಇವತ್ತಿನ ಕಾನೂನು ಹೇಳಿ. 2015ರಲ್ಲಿ ಕರ್ನಾಟಕದಿಂದಲೇ ಹೋದ ಫೂಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 2005ರ ಸೆಪ್ಟೆಂಬರ್ 9ಕ್ಕೆ ಅಪ್ಪ ಬದುಕಿರಬೇಕು ಅಂದಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳು ಅದನ್ನು ತೆಗೆದುಹಾಕಿದರು, ಅಪ್ಪ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಇದ್ದೇ ಇದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆದ ವಿಭಾಗಕ್ಕೆ, ಆಗಲೇ ಮಾರಿದ ಆಸ್ತಿಗೆ ಇದು ತಾಗಲ್ಲ. ನಡುವಿನ ಐದು ವರ್ಷ ಎಷ್ಟೋ ಹೆಂಗಸರು 'ನಿನಗೆ ಬರಲ್ಲ' ಅಂತ ಕೇಳಿ ಸುಮ್ಮನಾಗಿದ್ದಾರೆ, ಅವರಿಗೆ ಬದಲಾಗಿದ್ದು ಗೊತ್ತೇ ಇಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ತಾಲ್ಲೂಕು ಕಾನೂನು ಸೇವಾ ಸಮಿತಿಯ ವಿಳಾಸ ಬರೆದುಕೊಡಿ. ಕೊಟ್ಟಿದ್ದನ್ನು ಪ್ರಬಂಧದಲ್ಲೂ ಬರೆಯಿರಿ, ಮುಚ್ಚಿಡಬೇಡಿ. ಕೇಸು ಹಾಕು ಅಂತ ಮಾತ್ರ ಹೇಳಬೇಡಿ, ಆ ನಿರ್ಧಾರ ಅವರದು.

ಹೆಸರು, ಊರು, ಸರ್ವೆ ನಂಬರ್ ಮೂರನ್ನೂ ಪ್ರಬಂಧದಲ್ಲಿ ಬದಲಾಯಿಸಿ. ಊರಿನ ಹೆಸರೊಂದನ್ನೇ ಬದಲಾಯಿಸಿದರೆ ಸಾಲದು, ಜಮೀನಿನ ವಿವರ ನೋಡಿಯೇ ಅಣ್ಣಂದಿರು ಗುರುತು ಹಿಡಿಯುತ್ತಾರೆ.

ಯಾವ ತಾಲ್ಲೂಕು ಅಂದುಕೊಂಡಿದ್ದೀರಿ ಅಂತ ಕೆಳಗೆ ಬರೆಯಿರಿ. ಹಳೇ ಮೈಸೂರು ಕಡೆಯಾದರೆ ನನ್ನ ವಂಶವೃಕ್ಷದ ನಮೂನೆ ಕಳಿಸುತ್ತೇನೆ. ಕರಾವಳಿಯಾದರೆ ಅದು ಹೊಂದಲ್ಲ, ಅಲ್ಲಿ ವಂಶವನ್ನು ತಾಯಿಯಿಂದ ಲೆಕ್ಕ ಹಾಕುವ ಅಳಿಯಕಟ್ಟಿನ ಮನೆಗಳಿವೆ, ತಾಯಿ ಕಡೆಯಿಂದ ಬರೆದುಕೊಂಡು ಬರಬೇಕು.