ಗೆಳತಿಯರಿಗೆ ಒಂದು ಪತ್ರ

ಪ್ರಶ್ನೆ: ಕಾಲೇಜಿನ ಮೊದಲ ವರ್ಷ ಮುಗಿಯಿತು. ಮನೆಯ ನೆನಪಿನಿಂದ ಓದನ್ನೇ ಬಿಡಬೇಕೆಂದಿದ್ದ ನನ್ನನ್ನು ಹಾಸ್ಟೆಲಿನ ಮೂವರು ಗೆಳತಿಯರು ಉಳಿಸಿಕೊಂಡರು. ಅವರಿಗೆ ಕೃತಜ್ಞತೆ ಹೇಳಲು ಸಂಕೋಚವಾಗುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಸಂಕೋಚ ಸಹಜವಾದುದೇ, ಆದರೆ ಅದಕ್ಕೆ ಮಣಿಯಬೇಡಿ. ಮನೋವಿಜ್ಞಾನದ ಸಂಶೋಧಕರಾದ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಜ್ಞತೆಯ ಪತ್ರ ಬರೆದವರು ಅದನ್ನು ಓದುವವರ ಮುಜುಗರವನ್ನು ಹೆಚ್ಚಾಗಿಯೂ ಸಂತೋಷವನ್ನು ಕಡಿಮೆಯಾಗಿಯೂ ಅಂದಾಜಿಸಿದ್ದು ಕಂಡುಬಂದಿತ್ತು. ಆದ್ದರಿಂದ ಮೂವರಿಗೂ ಬೇರೆ ಬೇರೆಯಾಗಿ, ನನ್ನ ಮಟ್ಟಿಗೆ ಕೈಬರಹದಲ್ಲಿಯೇ, ಪತ್ರ ಬರೆಯಿರಿ. ‘ಬಹಳ ಉಪಕಾರವಾಯಿತು’ ಎಂಬಷ್ಟಕ್ಕೇ ನಿಲ್ಲದೆ, ನೀವು ಅಳುತ್ತಿದ್ದ ರಾತ್ರಿ ಜೊತೆಗೆ ಎಚ್ಚರವಿದ್ದವರು ಯಾರು, ತಪ್ಪಿಹೋದ ಪಾಠದ ಟಿಪ್ಪಣಿಯನ್ನು ಕೇಳದೆಯೇ ತಂದಿಟ್ಟವರು ಯಾರು ಎಂಬುದನ್ನು ನೆನಪಿಸಿಕೊಂಡು ಅದನ್ನೇ ವಿವರವಾಗಿ ಬರೆಯಿರಿ. ರಜೆ ಮುಗಿಯುವ ಮುನ್ನವೇ ಅವು ಅವರ ಕೈಸೇರಲಿ.